ತಾಯಿಯ ಸಂತಸ: ರಾಗವೋ, ಪ್ರಮೋದವೋ?

ಕೃಷ್ಣಾ ತೀರದ ಹಳ್ಳಿಯೊಂದರ ಜೈನ ಮನೆಯಲ್ಲಿ ಬೆಳಗು ಆರಂಭವಾಗುವುದು ನೀರಿನ ಸದ್ದಿನಿಂದ. ಮನೆಯ ತಾಯಿ ಎದ್ದು, ಕಣ್ಮುಚ್ಚಿ ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು ಸ್ಮರಿಸಿ, ಬಾವಿಯ ಬಳಿ ಬರುತ್ತಾಳೆ. ಕೊಡದ ಬಾಯಿಗೆ ಎರಡು ಮಡಿಕೆಯ ದಪ್ಪ ಬಟ್ಟೆಯನ್ನು ಹಾಸಿ ನೀರು ಸೋಸುತ್ತಾಳೆ. ಸೋಸಿದ ಮೇಲೆ ಆ ಬಟ್ಟೆಯನ್ನು ಹಿಂಡುವುದಿಲ್ಲ. ಸೋಸಿದ ನೀರಿನಿಂದಲೇ ಅದನ್ನು ಮೆಲ್ಲಗೆ ತೊಳೆದು, ತೊಳೆದ ನೀರನ್ನು ಮರಳಿ ಬಾವಿಗೆ ಇಳಿಸುತ್ತಾಳೆ. ಬಟ್ಟೆಯಲ್ಲಿ ಉಳಿದಿರಬಹುದಾದ ಸೂಕ್ಷ್ಮ ಜೀವಿಗಳು ತಮ್ಮ ನೆಲೆಗೆ ಮರಳಲಿ ಎಂಬುದು ಇದರ ಆಶಯ. ಪಕ್ಕದಲ್ಲಿ ನಿದ್ದೆಗಣ್ಣಿನ ಪುಟ್ಟ ಮಗಳು ಬಟ್ಟೆಯ ಒಂದು ತುದಿಯನ್ನು ಹಿಡಿದು ನಿಂತಿರುತ್ತಾಳೆ. ‘ಅವ್ವಾ, ಎಲ್ಲಾ ಹುಳಾನೂ ಮನೀಗೆ ಹೋದುವಾ?’ ಎಂದು ಕೇಳುತ್ತಾಳೆ. ತಾಯಿ ನಗುತ್ತಾಳೆ. ಆ ದಿನದ ಮೊದಲ ಸಂತಸ ಅದು.

ಇಂಥ ಸಂತಸಗಳು ದಿನವಿಡೀ ಒಂದರ ಹಿಂದೆ ಒಂದು ಬರುತ್ತವೆ. ಬಸದಿಯಲ್ಲಿ ಮಗಳು ತನ್ನ ಪುಟ್ಟ ಮುಷ್ಟಿಯ ಅಕ್ಷತೆಯನ್ನು ಜಿನಬಿಂಬದ ಮುಂದೆ ಸಾಲಾಗಿ ಇರಿಸುವಾಗ, ಗಂಧೋದಕಕ್ಕೆ ಕೈಯೊಡ್ಡಿ ಹಣೆಗೆ ಹಚ್ಚಿಕೊಳ್ಳುವಾಗ, ಬಿಸಿ ರೊಟ್ಟಿ ಒಲೆಯ ಮೇಲೆ ಉಬ್ಬಿ ಬರುವಾಗ, ಅತ್ತೆ ‘ಇವತ್ತಿನ ಹೀರೇಕಾಯಿ ಪಲ್ಯ ಚಲೋ ಆಗೇತಿ’ ಎನ್ನುವಾಗ ಆಕೆಯ ಮನಸ್ಸು ಅರಳುತ್ತದೆ. ಸೂರ್ಯ ಇಳಿಯುವ ಮುನ್ನ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಊಟ ಮುಗಿಸುವ ಹೊತ್ತು ಆಕೆಗೆ ಎಲ್ಲಕ್ಕಿಂತ ಪ್ರಿಯವಾದುದು. ರಾತ್ರಿಭೋಜನ ತ್ಯಾಗವೆಂಬುದು ಅಹಿಂಸೆಯ ನಿಯಮ. ಆದರೆ ಅದೇ ನಿಯಮವು ಹೊಲದಲ್ಲಿದ್ದವರನ್ನೂ ಅಂಗಳದಲ್ಲಿ ಆಡುತ್ತಿದ್ದವರನ್ನೂ ಪ್ರತಿದಿನ ಒಂದೇ ಪಂಕ್ತಿಗೆ ಕರೆತರುತ್ತದೆ.

ಧರ್ಮಶ್ರದ್ಧೆಯುಳ್ಳ ಇಂಥ ತಾಯಂದಿರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದುಂಟು. ರಾಗವೂ ದ್ವೇಷವೂ ಕರ್ಮಬಂಧಕ್ಕೆ ಕಾರಣವೆಂದು ಶಾಸ್ತ್ರ ಹೇಳುತ್ತದೆ. ಮಕ್ಕಳ ಮುಖ ನೋಡಿ ಹಿಗ್ಗುವುದೂ ರಾಗವೇ ಅಲ್ಲವೇ? ಹಾಗಾದರೆ ಗೃಹಿಣಿಯ ಇಡೀ ಬದುಕು ಬಂಧನವನ್ನು ಹೆಣೆಯುವ ಕೆಲಸವೇ? ಮುನಿಗಳಿಗೂ ಆರ್ಯಿಕೆಯರಿಗೂ ಇರುವ ದಾರಿ ಒಲೆಯ ಮುಂದೆ ಕುಳಿತವಳಿಗೆ ಇಲ್ಲವೇ?

ಈ ಪ್ರಶ್ನೆಯನ್ನು ಜೈನ ಧರ್ಮ ಲಘುವಾಗಿ ಕಂಡಿಲ್ಲ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ನಾಲ್ವರಿಂದ ಕೂಡಿದ ಚತುರ್ವಿಧ ಸಂಘದಲ್ಲಿ ಗೃಹಿಣಿಗೂ ಸ್ಥಾನವಿದೆ. ಮುನಿಗೆ ಮಹಾವ್ರತಗಳಿದ್ದಂತೆ ಗೃಹಸ್ಥರಿಗೆ ಅಣುವ್ರತಗಳಿವೆ. ಪೂರ್ಣವಾಗಿ ತ್ಯಜಿಸಲಾರದವರು ಮಿತಿಯನ್ನು ಕಟ್ಟಿಕೊಂಡು ನಡೆಯಲಿ ಎಂಬುದು ಅವುಗಳ ಇಂಗಿತ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ತನ್ನ 7ನೆಯ ಅಧ್ಯಾಯದಲ್ಲಿ ಪರಿಗ್ರಹಕ್ಕೆ ಕೊಡುವ ಲಕ್ಷಣವು ಇಲ್ಲಿ ಬಹಳ ಮುಖ್ಯವಾದುದು. ಆ ಗ್ರಂಥದ ಪ್ರಕಾರ ಪರಿಗ್ರಹದ ತಿರುಳು ಮೂರ್ಛೆ, ಅಂದರೆ ‘ಇದು ನನ್ನದು’ ಎಂಬ ಭಾವದಲ್ಲಿ ಎಚ್ಚರ ತಪ್ಪುವುದು. ಮನೆಯಲ್ಲಿ ವಸ್ತು ಎಷ್ಟಿದೆ ಎಂಬುದಕ್ಕಿಂತ ಆ ವಸ್ತುವಿನ ಮುಂದೆ ಮನಸ್ಸು ಹೇಗಿದೆ ಎಂಬುದು ಮೊದಲ ಪ್ರಶ್ನೆ. ಮಕ್ಕಳ ವಿಷಯದಲ್ಲಿಯೂ ಇದೇ ಪ್ರಶ್ನೆ ಸಲ್ಲುತ್ತದೆ.

ಅದೇ ಅಧ್ಯಾಯದಲ್ಲಿ ವ್ರತಿಗಳು ಬೆಳೆಸಿಕೊಳ್ಳಬೇಕಾದ ನಾಲ್ಕು ಭಾವನೆಗಳ ಉಲ್ಲೇಖವಿದೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣದಲ್ಲಿ ಮಿಗಿಲಾದವರನ್ನು ಕಂಡಾಗ ಪ್ರಮೋದ, ನೋಯುತ್ತಿರುವವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ. ಇವುಗಳಲ್ಲಿ ಪ್ರಮೋದವೆಂದರೆ ಹರ್ಷವೇ. ಆದರೆ ಅದು ಗುಣವನ್ನು ಕಂಡು ಹುಟ್ಟುವ ಹರ್ಷ. ಆ ಗುಣ ಯಾರಲ್ಲಿದೆ ಎಂಬ ಲೆಕ್ಕ ಅಲ್ಲಿ ಇಲ್ಲ. ತಾಯಿಯ ಪ್ರಶ್ನೆಗೆ ಉತ್ತರದ ದಾರಿ ಇಲ್ಲಿಂದ ತೆರೆದುಕೊಳ್ಳುತ್ತದೆ. ಮಗ ತನ್ನವನೆಂಬ ಕಾರಣಕ್ಕೆ ಹಿಗ್ಗುವುದು ರಾಗ. ಮಗನಲ್ಲಿ ಒಂದು ಒಳ್ಳೆಯ ಗುಣ ತಲೆಯೆತ್ತಿದ್ದನ್ನು ಕಂಡು ಹಿಗ್ಗುವುದು ಪ್ರಮೋದ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ನಗುವಾಗಿ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ನಕ್ಕವಳಿಗೆ ಮಾತ್ರ.

ತೀರ್ಥಂಕರರ ತಾಯಂದಿರ ಕಥೆಗಳೂ ಈ ಸಂತಸವನ್ನು ಮರೆಮಾಚುವುದಿಲ್ಲ. ಭಗವಾನ್ ಮಹಾವೀರರ ತಾಯಿಯನ್ನು ತ್ರಿಶಲೆ ಎಂದೂ ಪ್ರಿಯಕಾರಿಣಿ ಎಂದೂ ಕರೆಯುತ್ತಾರೆ. ಆಕೆ ಕಂಡ ಶುಭಸ್ವಪ್ನಗಳು ದಿಗಂಬರ ಪರಂಪರೆಯಲ್ಲಿ 16, ಶ್ವೇತಾಂಬರ ಪರಂಪರೆಯಲ್ಲಿ 14. ಶ್ವೇತಾಂಬರರ ಕಲ್ಪಸೂತ್ರದಲ್ಲಿ ಒಂದು ಪ್ರಸಂಗ ಬರುತ್ತದೆ. ತನ್ನ ಚಲನೆಯಿಂದ ತಾಯಿಗೆ ನೋವಾಗಬಾರದೆಂದು ಗರ್ಭದಲ್ಲಿದ್ದ ಶಿಶು ಅಲುಗಾಡದೆ ನಿಶ್ಚಲವಾಯಿತು. ಗರ್ಭಕ್ಕೆ ಏನೋ ಆಪತ್ತು ಬಂದಿತೆಂದು ಬಗೆದು ತ್ರಿಶಲೆ ದುಃಖದಲ್ಲಿ ಮುಳುಗಿದಳು. ಅರಮನೆಯ ಸಂಗೀತವೂ ನಿಂತಿತು. ತಾಯಿಯ ಸಂಕಟವನ್ನರಿತ ಶಿಶು ಕೊಂಚ ಅಲುಗಿದಾಗ ಆಕೆಯ ಸಂತೋಷಕ್ಕೆ ಪಾರವಿರಲಿಲ್ಲ. ಇನ್ನೂ ಕಾಣದ ತನ್ನ ಮೇಲೆಯೇ ತಾಯಿಗೆ ಇಷ್ಟು ಪ್ರೀತಿಯಿರುವಾಗ, ತಂದೆತಾಯಿ ಬದುಕಿರುವವರೆಗೆ ಗೃಹತ್ಯಾಗ ಮಾಡಲಾರೆನೆಂದು ಮಹಾವೀರರು ಗರ್ಭದಲ್ಲಿಯೇ ನಿಶ್ಚಯಿಸಿದರೆಂದು ಆ ಗ್ರಂಥ ಹೇಳುತ್ತದೆ. ದಿಗಂಬರ ಪರಂಪರೆ ಈ ಪ್ರಸಂಗವನ್ನು ಹೇಳುವುದಿಲ್ಲ. ಆದರೆ ಮಹಾವೀರರು ತಮ್ಮ 30ನೆಯ ವಯಸ್ಸಿನಲ್ಲಿ ಮನೆಯನ್ನು ತೊರೆದು ಹೊರಟರೆಂಬುದರಲ್ಲಿ ಎರಡೂ ಪರಂಪರೆಗಳು ಒಂದಾಗಿವೆ. ತಾಯಿಯ ಒಡಲಲ್ಲಿ ಅಲುಗಿದ ಶಿಶು ಒಂದು ದಿನ ಹೊಸ್ತಿಲು ದಾಟಲೇಬೇಕಾಯಿತು.

ಹೊಸ್ತಿಲು ದಾಟುವ ಆ ದಿನ ಎಲ್ಲ ತಾಯಂದಿರಿಗೂ ಬರುತ್ತದೆ. ಕೃಷ್ಣಾ ತೀರದ ಆ ಮನೆಗೂ ಬಂದಿತು. ಹಿರಿಯ ಮಗನಿಗೆ ದೂರದ ನಗರದಲ್ಲಿ ಉದ್ಯೋಗ ದೊರೆಯಿತು. ಹೊರಡುವ ದಿನ ತಾಯಿ ರೊಟ್ಟಿಯ ಗಂಟು, ಚಟ್ನಿಪುಡಿ, ನೀರು ಸೋಸುವ ಹೊಸ ಬಟ್ಟೆ ಎಲ್ಲವನ್ನೂ ಚೀಲದಲ್ಲಿ ಇರಿಸಿಕೊಟ್ಟಳು. ಆ ಸಂಜೆಯ ಪಂಕ್ತಿಯಲ್ಲಿ ಒಂದು ತಟ್ಟೆ ಕಡಿಮೆಯಾಯಿತು. ಕೈ ಮಾತ್ರ ರೂಢಿಯಂತೆ ಎಂದಿನಷ್ಟೇ ಹಿಟ್ಟು ನಾದಿತ್ತು.

ಕೆಲವು ದಿನಗಳ ಬಳಿಕ ಫೋನಿನಲ್ಲಿ ಮಗ ಅಳುಕುತ್ತ ಹೇಳಿದ: ‘ಅವ್ವಾ, ಕೆಲಸ ಮುಗಿಯಾಕ ತಡ ಆತು. ಹೊತ್ತು ಮುಳುಗಿದ ಮ್ಯಾಲ ಉಂಡೆ.’ ತಾಯಿಗೆ ಸಿಟ್ಟು ಬಂದಿತು. ಮನೆತನದ ಆಚಾರವನ್ನು ಮರೆತನೆಂದು ಕಟುವಾಗಿ ಬೈದಳು. ಅಂದಿನಿಂದ ಮಗನ ಮಾತು ಮೊಟಕಾಯಿತು. ಉಂಡೆಯಾ ಎಂದರೆ ಉಂಡೆ ಎಂಬಷ್ಟೇ ಉತ್ತರ. ಯಾವಾಗ ಉಂಡನೆಂದು ಅವನು ಹೇಳುತ್ತಿರಲಿಲ್ಲ, ಆಕೆಯೂ ಕೇಳುತ್ತಿರಲಿಲ್ಲ.

ಭಾದ್ರಪದ ಬಂದಿತು. ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ಒಂದೊಂದು ದಿನ ಒಂದೊಂದು ಧರ್ಮದ ಚಿಂತನೆ. ಮೊದಲ ದಿನ ಉತ್ತಮ ಕ್ಷಮೆ, ಎರಡನೆಯ ದಿನ ಉತ್ತಮ ಮಾರ್ದವ. ಮಾರ್ದವವೆಂದರೆ ಅಹಂಕಾರವನ್ನು ಕಳೆದುಕೊಂಡ ಮೃದುತನ. ಬಸದಿಯಲ್ಲಿ ಪ್ರವಚನ ಕೇಳುತ್ತಿದ್ದ ತಾಯಿಯ ಮನಸ್ಸು ಆ ದಿನದ ಸಿಟ್ಟಿನತ್ತ ಹೊರಳಿತು. ಮಗನು ವ್ರತ ತಪ್ಪಿದನೆಂಬ ನೋವು ಅದರಲ್ಲಿದ್ದುದು ನಿಜ. ಆದರೆ ‘ನನ್ನ ಮಗ ಹೀಗೆ ಮಾಡಿದನಲ್ಲಾ, ನಾಲ್ವರ ಮುಂದೆ ನನ್ನ ಹೆಸರೇನಾದೀತು’ ಎಂಬ ಮಾನಕಷಾಯವೂ ಅದರೊಳಗೆ ಅಡಗಿ ಕುಳಿತಿತ್ತು. ತಪ್ಪನ್ನು ಮುಚ್ಚಿಡದೆ ತಾನಾಗಿ ಬಂದು ಹೇಳಿದ ಮಗನ ಋಜುತ್ವ ಅಂದು ಆಕೆಗೆ ಕಾಣಿಸಿರಲೇ ಇಲ್ಲ. ಹಿಗ್ಗಬೇಕಾದ ಗುಣವೊಂದು ಎದುರಿಗೆ ಬಂದು ನಿಂತಿತ್ತು, ಬೈಗುಳ ತಿಂದು ಹಿಂದಿರುಗಿತ್ತು.

ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯ ದಿನ ಹಿರಿಯರು ಕಿರಿಯರೆನ್ನದೆ ಪರಸ್ಪರ ಕ್ಷಮೆ ಕೋರುವ ರೂಢಿಯಿದೆ. ಅತ್ತೆ ಸೊಸೆಯ ಮುಂದೆ, ಮಾಲೀಕ ಆಳಿನ ಮುಂದೆ ಕೈಮುಗಿಯುವ ದಿನವದು. ಅಂದು ತಾಯಿ ಮಗನಿಗೆ ಫೋನ್ ಮಾಡಿದಳು. ‘ತಮ್ಮಾ, ಅವತ್ತು ಸಿಟ್ಟಿನಾಗ ಆಡಬಾರದ ಮಾತು ಆಡೀನಿ. ಮನಸಿನಾಗ ಇಟ್ಕೋಬ್ಯಾಡ, ಕ್ಷಮಾ ಮಾಡು’ ಎಂದಳು. ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಬಳಿಕ ಮಗ ತಾನೂ ಕ್ಷಮೆ ಕೇಳಿದ. ಹೊತ್ತಿರುವಾಗಲೇ ಊಟ ಮುಗಿಸಲೆಂದು ಈಗ ಮಧ್ಯಾಹ್ನವೇ ಎರಡು ಹೊತ್ತಿನ ಡಬ್ಬಿ ಒಯ್ಯುತ್ತಿರುವುದಾಗಿ ಹೇಳಿದ. ಹಿಂದಿನ ವಾರ ಬಸ್ ನಿಲ್ದಾಣದಲ್ಲಿ ಹಸಿದು ಕುಳಿತಿದ್ದ ವೃದ್ಧರೊಬ್ಬರಿಗೆ ಆ ಡಬ್ಬಿಯನ್ನು ಕೊಟ್ಟು ಅಂದು ಸಂಜೆ ನೀರು ಕುಡಿದು ಮಲಗಿದ್ದನ್ನು ಮಾತಿನ ನಡುವೆ ಹೇಗೋ ಬಾಯಿಬಿಟ್ಟ. ‘ಹಸಿವು ಆಗಲಿಲ್ಲೇನೋ?’ ಎಂದು ತಾಯಿ ಕೇಳಿದಳು. ‘ಆತು ಬಿಡವ್ವಾ’ ಎಂದು ಅವನು ನಕ್ಕ.

ಆ ರಾತ್ರಿ ತಾಯಿಗೆ ಆದ ಸಂತಸ ಹಿಂದಿನ ಸಂತಸಗಳಂತಿರಲಿಲ್ಲ. ಆ ವೃದ್ಧರು ಯಾರೋ, ಆಕೆ ಅರಿಯಳು. ಮಗ ಹತ್ತಿರದಲ್ಲಿಲ್ಲ, ಅವನ ತಟ್ಟೆಗೆ ತಾನು ಬಡಿಸಿಯೂ ಇಲ್ಲ. ಹಸಿದವರೊಬ್ಬರಿಗೆ ಅನ್ನ ದೊರೆಯಿತು, ಒಂದು ಜೀವದಲ್ಲಿ ಕರುಣೆ ಮೊಳೆಯಿತು ಎಂಬಷ್ಟರಿಂದಲೇ ಮನಸ್ಸು ತುಂಬಿತ್ತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲನೆಯದನ್ನು ಮಗ ಯಾರೂ ಹೇಳದೆಯೇ ಮಾಡಿದ್ದ. ಇದೇ ಕೆಲಸವನ್ನು ಪರರ ಮಗ ಮಾಡಿದ್ದರೂ ಹೀಗೆಯೇ ಹಿಗ್ಗುತ್ತಿದ್ದೆನೇ ಎಂದು ತಾಯಿ ತನ್ನನ್ನು ಕೇಳಿಕೊಂಡಿದ್ದರೆ, ಅಂದು ‘ಹೌದು’ ಎಂಬ ಉತ್ತರ ಹತ್ತಿರದಲ್ಲೇ ಇತ್ತು. ಆ ಪ್ರಶ್ನೆಯೇ ರಾಗವನ್ನೂ ಪ್ರಮೋದವನ್ನೂ ಬೇರ್ಪಡಿಸುವ ಸೋಸುಬಟ್ಟೆ.

ತಾಯ್ತನ ಹೀಗೆ ಮನೆಯಾಚೆಗೆ ಹರಿದುದಕ್ಕೆ ಕನ್ನಡ ನಾಡಿನಲ್ಲಿಯೇ ದೊಡ್ಡ ನಿದರ್ಶನವಿದೆ. ಪತಿ ನಾಗದೇವನು ಮಡಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆಯು ಮಗ ಅಣ್ಣಿಗದೇವನಿಗಾಗಿ ಬದುಕನ್ನು ಆರಿಸಿಕೊಂಡಳು. ಆ ಬದುಕು ಒಬ್ಬ ಮಗನ ಪಾಲನೆಗೆ ಸೀಮಿತವಾಗಲಿಲ್ಲ. ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಮಾಡಿಸಿ ಹಂಚಿದಳು. ರನ್ನನಿಗೆ ಆಶ್ರಯವಿತ್ತು ಅಜಿತಪುರಾಣ ರಚನೆಗೆ ಕಾರಣಳಾದಳು. ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿಯನ್ನು ಕಟ್ಟಿಸಿದಳು. ದಾನಚಿಂತಾಮಣಿ ಎಂಬ ಬಿರುದು ಆಕೆಯ ಹೆಸರಿನೊಡನೆ ಇಂದಿಗೂ ನಿಂತಿದೆ. ಮಗನಿಗಾಗಿ ಉಳಿಸಿಕೊಂಡ ಜೀವ ನಾಡಿಗೆಲ್ಲ ಸಂದಿತು.

ಎಲ್ಲರೂ ಅತ್ತಿಮಬ್ಬೆಯಾಗಲಾರರು. ಅಂಥವರಿಗೆ ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಐತಿಹ್ಯವಿದೆ. 10ನೆಯ ಶತಮಾನದಲ್ಲಿ ಚಾವುಂಡರಾಯನು ತನ್ನ ತಾಯಿ ಕಾಳಲಾದೇವಿಯ ಹಂಬಲವನ್ನು ತೀರಿಸಲು ಹೊರಟು, ಕೊನೆಗೆ 58 ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದನೆಂದು ಐತಿಹ್ಯ ಹೇಳುತ್ತದೆ. ಮೊದಲ ಅಭಿಷೇಕದಂದು ಕೊಡಕೊಡ ಹಾಲು ಸುರಿದರೂ ಅದು ಮೂರ್ತಿಯ ಪಾದವನ್ನು ಮುಟ್ಟಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ತೊಗಟೆಯಲ್ಲಿ ತಂದ ಒಂದಿಷ್ಟು ಹಾಲು ಅಡಿಯಿಂದ ಮುಡಿಯವರೆಗೆ ತುಂಬಿ ಹರಿಯಿತು. ಇದನ್ನು ನಾನು ಕೊಟ್ಟೆ ಎಂಬ ಭಾವ ಆಕೆಯಲ್ಲಿರಲಿಲ್ಲ. ಇಂದಿಗೂ ಆ ಅಜ್ಜಿಯ ಶಿಲ್ಪ ಗೊಮ್ಮಟನ ಎದುರಿನಲ್ಲಿ ಕೈಯಲ್ಲಿ ಪುಟ್ಟ ಪಾತ್ರೆ ಹಿಡಿದು ನಿಂತಿದೆ.

ಮನೆಯ ತಾಯಿಯ ಸಂತಸಗಳೂ ಆ ಪಾತ್ರೆಯಷ್ಟೇ ಚಿಕ್ಕವು. ಒಂದು ರೊಟ್ಟಿ, ಒಂದು ಮುಷ್ಟಿ ಅಕ್ಷತೆ, ಫೋನಿನಲ್ಲಿ ಕೇಳಿದ ಒಂದು ನಗು. ಇವನ್ನು ತ್ಯಜಿಸು ಎಂದು ಧರ್ಮ ಶ್ರಾವಿಕೆಗೆ ಹೇಳುವುದಿಲ್ಲ. ಇವುಗಳಲ್ಲಿ ಬೆರೆತಿರುವ ‘ನನ್ನದು’ ಎಂಬುದನ್ನು ದಿನದಿನವೂ ಸೋಸಿಕೊಳ್ಳುತ್ತ ಬಾ ಎಂದು ಹೇಳುತ್ತದೆ. ಒಮ್ಮೆ ಸೋಸಿದ ನೀರು ಎಂದಿಗೂ ಸಾಲುವುದಿಲ್ಲ, ಮರುದಿನ ಮತ್ತೆ ಸೋಸಬೇಕು. ಮನಸ್ಸಿನ ವಿಷಯದಲ್ಲಿಯೂ ಅಷ್ಟೇ. ಸಂಜೆಯ ಪ್ರತಿಕ್ರಮಣ ಅದಕ್ಕಾಗಿಯೇ ಇದೆ.

ಕೃಷ್ಣಾ ತೀರದ ಮನೆಯಲ್ಲಿ ಮರುದಿನ ಬೆಳಗಾಗುತ್ತದೆ. ಮಗಳು ಬಟ್ಟೆಯ ತುದಿ ಹಿಡಿದು ನಿಲ್ಲುತ್ತಾಳೆ. ತಾಯಿ ನೀರು ಸೋಸಿ, ಬಟ್ಟೆ ತೊಳೆದು, ಆ ನೀರನ್ನು ಮೆಲ್ಲಗೆ ಬಾವಿಗೆ ಇಳಿಸುತ್ತಾಳೆ. ಹಗ್ಗದ ಇನ್ನೊಂದು ತುದಿ ಅಂದು ಮಗಳ ಕೈಯಲ್ಲಿರುತ್ತದೆ.