ವೈಸ್ ಬಿಗಿ ಮಾಡಿದ್ರೆ ಜಾಬ್ ಯಾಕೆ ಮೇಲೇಳುತ್ತೆ? ಪುಟ್ಟ ಮಿಲ್ಲಿಂಗ್ ಮೆಷಿನ್‌ಗೆ ಸರಿಯಾದ ವೈಸ್ ಆರಿಸೋದು ಹೇಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಪಸ್ವಲ್ಪ ತಿದ್ದಲಾಗಿದೆ.)

ಮೊದಲೇ ಹೇಳಿಬಿಡ್ತೀನಿ, ನಾನು ಇಂಜಿನಿಯರ್ ಅಲ್ಲ. ಓದಿದ್ದು ಬಿಕಾಂ. ಮೆಷಿನ್ ಹುಚ್ಚು ಹಿಡಿದಿದ್ದು ಆಮೇಲೆ. ನನ್ನ ಚಿಕ್ಕಮ್ಮನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದಾನೆ. ಇಬ್ರೂ ಅರ್ಧರ್ಧ ದುಡ್ಡು ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಮಿನಿ ಮಿಲ್ಲಿಂಗ್ ಮೆಷಿನ್ ತಗೊಂಡ್ವಿ. ಮನೆ ಹಿಂದಿನ ಶೀಟಿನ ಶೆಡ್‌ನಲ್ಲಿ ಇಟ್ಟಿದ್ದೀವಿ.

ಇವತ್ತಿನ ವಿಷಯ ಆ ಮೆಷಿನ್ ಅಲ್ಲ, ಅದರ ಮೇಲೆ ಕೂರೋ ವೈಸ್. ಮೆಷಿನ್ ಆರಿಸೋಕೆ ನಾವು ಆರು ತಿಂಗಳು ವಿಡಿಯೊ ನೋಡಿದ್ವಿ. ವೈಸ್ ಆರಿಸೋಕೆ ತಗೊಂಡಿದ್ದು ಹತ್ತು ನಿಮಿಷ. ಅದಕ್ಕೆ ದಂಡ ಕಟ್ಟಿದ್ವಿ. ನೀವು ಕಟ್ಟಬಾರದು ಅಂತ ಈ ಸಂಚಿಕೆ.

ನಡೆದಿದ್ದೇನು

ಗೊತ್ತಿಲ್ಲದವರಿಗೆ ಎರಡು ಮಾತು. ಮಿಲ್ಲಿಂಗ್ ಮೆಷಿನ್‌ನಲ್ಲಿ ಮೇಲೆ ಕಟ್ಟರ್ ಗಿರಗಿರ ತಿರುಗುತ್ತೆ, ಕೆಳಗೆ ಟೇಬಲ್ ಎಡ-ಬಲ, ಹಿಂದೆ-ಮುಂದೆ ಓಡಾಡುತ್ತೆ. ಕೊರೆಯಬೇಕಾದ ಲೋಹದ ತುಂಡಿಗೆ ವರ್ಕ್‌ಶಾಪ್‌ನಲ್ಲಿ ‘ಜಾಬ್’ ಅಂತಾರೆ. ಆ ಜಾಬನ್ನ ಟೇಬಲ್ ಮೇಲೆ ಅಲ್ಲಾಡದ ಹಾಗೆ ಹಿಡಿದುಕೊಳ್ಳೋದು ವೈಸ್. ಅದಕ್ಕೆ ಎರಡು ದವಡೆ. ಒಂದು ಕದಲಲ್ಲ, ಇನ್ನೊಂದು ಸ್ಕ್ರೂ ತಿರುಗಿಸಿದ ಹಾಗೆ ಮುಂದೆ ಬರುತ್ತೆ.

ನಾವು ತಂದಿದ್ದು 1,400 ರೂಪಾಯಿಯ ವೈಸ್. ಅಂಗಡಿಯವರು "ಎಲ್ಲಾದಕ್ಕೂ ನಡೆಯುತ್ತೆ ಸಾರ್" ಅಂದ್ರು, ನಾವು ನಂಬಿದ್ವಿ. ಅದು ಡ್ರಿಲ್ ವೈಸ್ ಅಂತ ಆಮೇಲೆ ಗೊತ್ತಾಯ್ತು. ಡ್ರಿಲ್ಲಿಂಗ್‌ನಲ್ಲಿ ಒತ್ತಡ ಹೆಚ್ಚಾಗಿ ಮೇಲಿಂದ ಕೆಳಗೆ. ಮಿಲ್ಲಿಂಗ್‌ನಲ್ಲಿ ಕಟ್ಟರ್ ಜಾಬನ್ನ ಪಕ್ಕಕ್ಕೆ ತಳ್ಳುತ್ತೆ, ಕೆಲವು ಸಲ ಮೇಲಕ್ಕೂ ಎಳೆಯುತ್ತೆ, ಅದೂ ತಡೆತಡೆದು ಹೊಡೆದ ಹಾಗೆ. ಎರಡೂ ಬೇರೆ ಬೇರೆ ಕೆಲಸ.

ನಮ್ಮ ಮೊದಲ ಆರ್ಡರ್ ಬಂದಿದ್ದು ಪರಿಚಯದ ಒಬ್ಬ ಹುಡುಗನಿಂದ. ಮನೇಲೇ ಟೆಲಿಸ್ಕೋಪ್ ಮಾಡ್ತಿದ್ದ, ಅದರ ಸ್ಟ್ಯಾಂಡಿಗೆ 12 ಅಲ್ಯೂಮಿನಿಯಂ ಬ್ಲಾಕ್ ಬೇಕಿತ್ತು, ದಪ್ಪ 20 ಮಿ.ಮೀ. ಮಾಡಿ ಕಳಿಸಿದ್ವಿ. 9 ವಾಪಸ್ ಬಂದವು. ಒಂದು ಅಂಚಲ್ಲಿ 20.00, ಇನ್ನೊಂದು ಅಂಚಲ್ಲಿ 19.85. ನಾವು ಮೆಷಿನ್ ಬೈದ್ವಿ. ಟೇಬಲ್ ಸೊಟ್ಟ ಇದೆ ಅಂದ್ಕೊಂಡ್ವಿ.

ಇನ್ನೊಂದು ಬ್ಲಾಕ್ ಹಾಕಿ ನೋಡೋಣ ಅಂತ ಹೊರಟಾಗ, ಅರ್ಧ ಕೊರೆದಿರುವಾಗಲೇ ಜಾಬ್ ವೈಸಿಂದ ಕಿತ್ಕೊಂಡು ಹಾರಿ ಹಿಂದಿನ ಗೋಡೆಗೆ ಬಡೀತು. 10 ಮಿ.ಮೀ. ಎಂಡ್ ಮಿಲ್ ಎರಡು ತುಂಡು. ತಮ್ಮ ಆ ಗೋಡೆ ಹತ್ರ ನಿಂತಿದ್ದೋನು ಒಂದು ನಿಮಿಷ ಮುಂಚೆ ಫೋನ್ ಬಂತು ಅಂತ ಆಚೆ ಹೋಗಿದ್ದ. ಗೋಡೆ ಮೇಲಿನ ಆ ಗುರುತು ಇನ್ನೂ ಇದೆ, ಸುಣ್ಣ ಹೊಡೆಸಿಲ್ಲ.

ಬೀರು ತಳ್ಳೋ ಲೆಕ್ಕ

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಫಿಟ್ಟರ್ ಇದ್ದಾರೆ, ಪೀಣ್ಯದಲ್ಲಿ ತುಂಬಾ ವರ್ಷ ಕೆಲಸ ಮಾಡಿದವರು. ನಾವು ಅಂಕಲ್ ಅಂತೀವಿ. ಬಂದು ನೋಡಿದ್ರು. ಒಂದು ಬ್ಲಾಕ್ ವೈಸಲ್ಲಿಟ್ಟು, ಕೆಳಗೆ ಸಿಗರೇಟ್ ಪ್ಯಾಕಿನೊಳಗಿನ ತೆಳ್ಳನೆ ಕಾಗದದ ಒಂದು ಚೂರು ಸೇರಿಸಿ, ಹ್ಯಾಂಡಲ್ ಬಿಗಿ ಮಾಡಿದ್ರು. "ಈಗ ಎಳಿಯಪ್ಪ" ಅಂದ್ರು. ಕಾಗದ ಸಲೀಸಾಗಿ ಬಂತು.

"ಮೆಷಿನ್ ಯಾಕೆ ಬೈತೀಯಾ? ಬಿಗಿ ಮಾಡ್ತಿದ್ದ ಹಾಗೆ ಜಾಬ್ ಮೇಲೆದ್ದಿದೆ ನೋಡು."

ಇದು ಹೇಗೆ ಆಗುತ್ತೆ? ಮನೇಲಿ ಕಬ್ಬಿಣದ ಬೀರು ಇದೆ ಅಂದ್ಕೊಳ್ಳಿ. ನೀವು ಅದರ ಹಿಂದೆ ಕೂತು ಬುಡದಲ್ಲಿ ಮುಂದಕ್ಕೆ ತಳ್ತಿದ್ದೀರಿ. ಮುಂದೆ ನಿಂತವರು ಅದರ ತಲೆಯನ್ನ ನಿಮ್ಮ ಕಡೆಗೆ ತಳ್ತಿದ್ದಾರೆ. ಏನಾಗುತ್ತೆ? ಬೀರು ನಿಮ್ಮ ಕಡೆ ವಾಲುತ್ತೆ, ಮುಂದಿನ ಎರಡು ಕಾಲು ನೆಲ ಬಿಡುತ್ತೆ. ವೈಸ್‌ನಲ್ಲೂ ಅದೇ. ಸ್ಕ್ರೂ ದವಡೆಯನ್ನ ಕೆಳಗಡೆ ತಳ್ಳುತ್ತೆ, ಜಾಬ್ ಅದನ್ನ ಮೇಲ್ಗಡೆ ಎದುರಿಸುತ್ತೆ. ದವಡೆಗೂ ಅದು ಜಾರೋ ದಾರಿಗೂ ನಡುವೆ ಸ್ವಲ್ಪ ಸಡಿಲ ಇದ್ರೂ ಸಾಕು, ದವಡೆ ಹಿಂದಕ್ಕೆ ವಾಲಿ, ಅದರ ಮುಂದಿನ ಮುಖ ಮೇಲೇಳುತ್ತೆ. ಹೋಗ್ತಾ ಜಾಬನ್ನೂ ಎತ್ಕೊಂಡು ಹೋಗುತ್ತೆ.

ಈಗ ಆ 19.85 ಅರ್ಥ ಆಯ್ತಲ್ವಾ? ಜಾಬ್‌ನ ಒಂದು ಬದಿ 0.15 ಮಿ.ಮೀ. ಎದ್ದಿತ್ತು. ಕಟ್ಟರ್ ಮೇಲ್ಭಾಗವನ್ನ ನೇರವಾಗಿ ಕೊರೀತು. ವೈಸಿಂದ ತೆಗೆದು ಅಳತೆ ಮಾಡಿದಾಗ ಆ ಬದಿ ಅಷ್ಟೇ ತೆಳ್ಳಗಾಗಿತ್ತು. ಇನ್ನೂ ಬಿಗಿ ಮಾಡಿದ್ರೆ ಸರಿ ಹೋಗುತ್ತಾ? ಇಲ್ಲ, ಸಡಿಲ ಇರೋವರೆಗೂ ಇನ್ನೂ ಏಳುತ್ತೆ. ಕೆಳಗೆ ಆಧಾರ ಇಲ್ಲದೆ ಅಂಚಲ್ಲಿ ಮಾತ್ರ ಸಿಕ್ಕಿಕೊಂಡ ಜಾಬ್ ಹಾರೋದಕ್ಕೂ ಇದೇ ಕಾರಣ.

ಹಾಗಾಗಿ ಮಿಲ್ಲಿಂಗ್ ವೈಸ್ ಆರಿಸುವಾಗ ಮೊದಲ ಪ್ರಶ್ನೆ "ಎಷ್ಟು ಗಟ್ಟಿ ಹಿಡಿಯುತ್ತೆ" ಅಲ್ಲ. "ದವಡೆಯನ್ನ ಕೆಳಗೆ ಒತ್ತಿಡೋದು ಯಾವುದು" ಅನ್ನೋದು.

ಎರಡು ಉತ್ತರಗಳು

ಇದಕ್ಕೆ ಮುಖ್ಯವಾಗಿ ಎರಡು ಉಪಾಯ ಇವೆ.

ಮೊದಲನೆಯದು ಆಂಗಲ್‌ಲಾಕ್. ಅಮೆರಿಕದ ಕರ್ಟ್ ಕಂಪನಿ ಇದನ್ನ ಎಷ್ಟು ಜನಪ್ರಿಯ ಮಾಡಿತು ಅಂದ್ರೆ, ಆ ಥರದ ವೈಸ್‌ಗಳಿಗೆಲ್ಲ ‘ಕರ್ಟ್ ಟೈಪ್’ ಅನ್ನೋ ಹೆಸರೇ ಬಂತು. ದವಡೆಯ ಒಳಗೆ ಒಂದು ಇಳಿಜಾರು ಮುಖ ಇರುತ್ತೆ. ಸ್ಕ್ರೂವಿನ ನಟ್ ಆ ಇಳಿಜಾರಿನ ಮೇಲೆ ಒತ್ತುತ್ತೆ. ಆಗ ದವಡೆಗೆ ಮುಂದಕ್ಕೂ ಬಲ ಬೀಳುತ್ತೆ, ಕೆಳಕ್ಕೂ ಬೀಳುತ್ತೆ. ಹ್ಯಾಂಡಲ್ ತಿರುಗಿಸಿದ್ರೆ ಆಯ್ತು, ಕೆಲಸ ಬೇಗ. ಒಂದೇ ಥರದ ಐವತ್ತು ತುಂಡು ಮಾಡೋರಿಗೆ ಇದು ಹೇಳಿ ಮಾಡಿಸಿದ್ದು. ಆದ್ರೆ ಎತ್ತರ ಜಾಸ್ತಿ, ಉದ್ದ ಜಾಸ್ತಿ, ಭಾರ ಜಾಸ್ತಿ.

ಎರಡನೆಯದು ಸ್ಕ್ರೂಲೆಸ್ ವೈಸ್. ಟೂಲ್‌ಮೇಕರ್ ವೈಸ್ ಅಂತಲೂ ಕರೀತಾರೆ. ಹೆಸರು ಸ್ಕ್ರೂಲೆಸ್ ಆದ್ರೂ ಒಂದು ಸ್ಕ್ರೂ ಇರುತ್ತೆ, ಉದ್ದನೆ ಹ್ಯಾಂಡಲ್ ಸ್ಕ್ರೂ ಇರಲ್ಲ ಅಷ್ಟೆ. ದವಡೆಯಲ್ಲಿ ಒಂದು ಆಲೆನ್ ಬೋಲ್ಟ್ ಓರೆಯಾಗಿ ಕೆಳಕ್ಕಿಳಿದು, ತಳದ ಕಚ್ಚಿನಲ್ಲಿ ಅಡ್ಡಲಾಗಿ ಕೂತ ಪಿನ್ ಹಿಡಿಯುತ್ತೆ. ಬಿಗಿ ಮಾಡಿದ್ರೆ ಆ ಓರೆಯಿಂದಾಗಿ ದವಡೆ ಮುಂದಕ್ಕೂ ಕೆಳಕ್ಕೂ ಎಳೆಸಿಕೊಳ್ಳುತ್ತೆ. ಉಕ್ಕಿನ ಮೈ, ಒಳ್ಳೆಯದಾದ್ರೆ ಎಲ್ಲಾ ಬದಿಯೂ ಗ್ರೈಂಡ್ ಆಗಿರುತ್ತೆ. ತಗ್ಗು, ಚಿಕ್ಕದು. ತೊಂದರೆ ಏನಂದ್ರೆ, ಜಾಬ್ ಅಳತೆ ಬದಲಾದಾಗಲೆಲ್ಲ ಪಿನ್ ತೆಗೆದು ಬೇರೆ ಕಚ್ಚಿಗೆ ಹಾಕಬೇಕು, ಅಲ್ಲಿ ಚೂರು ತುಂಬಿಕೊಂಡ್ರೆ ಬ್ರಷ್ ಹಿಡೀಬೇಕು. ತಾಳ್ಮೆ ಬೇಕು.

ನಾವು ತಗೊಂಡಿದ್ದು ಎರಡನೆಯದು, 3 ಇಂಚಿಂದು. ಯಾಕೆ ಅಂತ ಹೇಳ್ತೀನಿ.

ದೊಡ್ಡದು ತಗೊಳ್ಳೋಣ ಅನ್ನೋ ಆಸೆ

ಒಂದು ಸಲ ಸುಟ್ಟುಕೊಂಡ ಮೇಲೆ ನಮಗೂ ಅನ್ನಿಸಿತು, ಈ ಸಲ 4 ಇಂಚಿನ ಭಾರಿ ವೈಸೇ ತರೋಣ, ಕೆಳಗೆ ಗುಂಡಗೆ ತಿರುಗೋ ಸ್ವಿವೆಲ್ ಬೇಸ್ ಇರೋದು. ಅಂಕಲ್ ಅಂದ್ರು, "ಮೊದಲು ಟೇಪ್ ತಗೊಂಡು ನಿನ್ನ ಮೆಷಿನ್ ಅಳಿ."

ನಮ್ಮ ಮೆಷಿನ್‌ನಲ್ಲಿ ಟೇಬಲ್‌ನಿಂದ ಸ್ಪಿಂಡಲ್ ಮೂತಿವರೆಗೆ ಹೆಚ್ಚಂದ್ರೆ 280 ಮಿ.ಮೀ. ಗೆಳೆಯನ ಹತ್ರ ಇದ್ದ 4 ಇಂಚಿನ ವೈಸ್ ಸ್ವಿವೆಲ್ ಸಮೇತ 125 ಮಿ.ಮೀ. ಎತ್ತರ. ಉಳಿದಿದ್ದು 155. ನಮ್ಮ ಡ್ರಿಲ್ ಚಕ್ ಸ್ಪಿಂಡಲ್‌ನಿಂದ ಕೆಳಗೆ 95 ಇಳಿಯುತ್ತೆ, ಅದಕ್ಕೊಂದು ಡ್ರಿಲ್ ಬಿಟ್ ಹಾಕಿದ್ರೆ ಇನ್ನೊಂದು 70. ಒಟ್ಟು 165. ಅಂದ್ರೆ ಜಾಬ್ ಇಡೋ ಮುಂಚೆಯೇ ಬಿಟ್ ದವಡೆಗೆ ತಾಗುತ್ತೆ. ಸ್ಕ್ರೂಲೆಸ್ ವೈಸಿನ ಒಟ್ಟು ಎತ್ತರ ಸುಮಾರು 70. ಹಾಗಾಗಿ 210 ಉಳಿಯುತ್ತೆ, ಕೆಲಸ ಮಾಡೋಕೆ 45 ಮಿ.ಮೀ. ಜಾಗ.

ಎರಡನೆಯ ಲೆಕ್ಕ ಟೇಬಲ್‌ದು. ನಮ್ಮ ಟೇಬಲ್ ಅಗಲ 92 ಮಿ.ಮೀ. ಅಷ್ಟೆ. ದೊಡ್ಡ ವೈಸ್ ಇಟ್ಟರೆ ಹಿಂದೆ ಕಂಬಕ್ಕೆ ತಾಗುತ್ತೆ, ಮುಂದೆ ಹ್ಯಾಂಡಲ್ ಹೊಟ್ಟೆಗೆ ತಾಗುತ್ತೆ. ಟೇಬಲ್ ಹಿಂದೆ-ಮುಂದೆ ಓಡಾಡೋದೇ ಸುಮಾರು 100 ಮಿ.ಮೀ., ಅದರಲ್ಲೂ ಒಂದಿಷ್ಟು ಕಳ್ಕೋತೀವಿ. ನಮ್ಮ ಸ್ಕ್ರೂಲೆಸ್ ಉದ್ದ 190, ಅದೂ ಟೇಬಲ್‌ನಿಂದ ಆಚೆ ಚಾಚುತ್ತೆ. ಆದ್ರೆ ಹ್ಯಾಂಡಲ್ ಇಲ್ಲ, ಬೇಕಾದ್ರೆ ಟೇಬಲ್ ಉದ್ದಕ್ಕೇ ಮಲಗಿಸಬಹುದು.

ಇನ್ನು ಸ್ವಿವೆಲ್ ಬೇಸ್. ನೋಡೋಕೆ ಚೆಂದ, ಆದ್ರೆ ಹವ್ಯಾಸದ ಕೆಲಸದಲ್ಲಿ ಜಾಬ್ ಓರೆ ಇಡೋ ಸಂದರ್ಭ ಬರೋದು ಅಪರೂಪ. ಅದಕ್ಕಾಗಿ ಪ್ರತಿದಿನ ಎತ್ತರ ಕಳ್ಕೊಳ್ಳೋದು, ಅಲ್ಲಾಡೋಕೆ ಇನ್ನೊಂದು ಜಾಯಿಂಟ್ ಸೇರಿಸೋದು ಲಾಭ ಅಲ್ಲ. ಈಗಾಗಲೇ ಅಂಥ ವೈಸ್ ಇದ್ರೆ ಬೇಸ್ ಬಿಚ್ಚಿಟ್ಟು ಬಳಸಿ.

ಹೆಚ್ಚುಕಮ್ಮಿ 90 ಮಿ.ಮೀ. ಅಗಲದ ಟೇಬಲ್‌ಗೆ 3 ಇಂಚು ಸಾಕು. ಶೆರ್ಲೈನ್ ಥರದ, 70 ಮಿ.ಮೀ. ಟೇಬಲ್‌ನ ಇನ್ನೂ ಪುಟ್ಟ ಮೆಷಿನ್ ಇದ್ರೆ 2 ಇಂಚು.

ಅಂಗಡೀಲಿ ಏನು ನೋಡಬೇಕು

ಹೊರಡೋ ಮುಂಚೆ ಮೂರು ಅಳತೆ ಫೋನಲ್ಲಿ ಬರ್ಕೊಳ್ಳಿ: ಟೇಬಲ್ ಅಗಲ, ಟೇಬಲ್‌ನಿಂದ ಸ್ಪಿಂಡಲ್‌ಗೆ ಇರೋ ಎತ್ತರ, ಟಿ-ಸ್ಲಾಟ್ ಅಗಲ ಮತ್ತು ಎರಡು ಸ್ಲಾಟ್ ನಡುವಿನ ದೂರ. ವೈಸಿನ ತೂತು ನಿಮ್ಮ ಸ್ಲಾಟ್‌ಗೆ ಕೂರದಿದ್ರೆ ಪರವಾಗಿಲ್ಲ, ಪಕ್ಕದಲ್ಲಿ ಕ್ಲ್ಯಾಂಪ್ ಹಿಡಿಯೋಕೆ ಗಾಡಿ ಇದೆಯಾ ನೋಡಿ. ಸ್ಕ್ರೂಲೆಸ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತೆ.

ಬೆಂಗಳೂರಲ್ಲಿದ್ರೆ ಎಸ್‌ಜೆಪಿ ರೋಡಿನ ಟೂಲ್ಸ್ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಬಹುದು. ಜೇಬಲ್ಲಿ ಒಂದು ಚೌಕ ಬ್ಲಾಕ್, ಒಂದು ತೆಳ್ಳನೆ ಕಾಗದ, ಒಂದು ಪುಟ್ಟ ಟ್ರೈ ಸ್ಕ್ವೇರ್ ಇರಲಿ.

ಒಂದು, ಕಾಗದದ ಪರೀಕ್ಷೆ. ಬ್ಲಾಕ್ ಕೆಳಗೆ ಕಾಗದ ಇಟ್ಟು ಬಿಗಿ ಮಾಡಿ, ಎಳೀರಿ. ಸಲೀಸಾಗಿ ಬಂದ್ರೆ ಬೇಡ.

ಎರಡು, ಅಲ್ಲಾಡಿಸೋದು. ದವಡೆಯನ್ನ ಅರ್ಧ ತೆರೆದು ಮೇಲೆ-ಕೆಳಗೆ ಆಡಿಸಿ. ಡ್ರಿಲ್ ವೈಸ್ ಆದ್ರೆ ಟಕ್ ಟಕ್ ಅನ್ನುತ್ತೆ. ಸ್ಕ್ರೂಲೆಸ್‌ನಲ್ಲಿ ಬೋಲ್ಟ್ ಸಡಿಲ ಇದ್ದಾಗ ದವಡೆ ಆಡೋದು ಸಹಜ, ಅದನ್ನ ಬಿಗಿ ಮಾಡಿ ನೋಡಿ.

ಮೂರು, ಸ್ಕ್ವೇರ್. ಕದಲದ ದವಡೆ ತಳಕ್ಕೆ ನೇರ 90 ಡಿಗ್ರಿ ಇದೆಯಾ, ಬೆಳಕಿಗೆ ಹಿಡಿದು ನೋಡಿ. ನಿಮ್ಮ ಜಾಬ್ ಎಷ್ಟು ಚೌಕ ಬರುತ್ತೆ ಅನ್ನೋದು ಆ ದವಡೆ ಮೇಲೆ ನಿಂತಿದೆ.

ಗುಜರಿಯಿಂದ ಹಳೇದು ತಗೊಂಡ್ರೂ ತಪ್ಪಿಲ್ಲ. ಬಿರುಕು ಬಿಟ್ಟಿರಬಾರದು, ತಳದಲ್ಲಿ ಡ್ರಿಲ್ ತೂತುಗಳ ಸಾಲು ಇರಬಾರದು. ಆನ್‌ಲೈನ್ ಆದ್ರೆ ‘ಪ್ರಿಸಿಷನ್’ ಅನ್ನೋ ಪದಕ್ಕೆ ದುಡ್ಡು ಕೊಡ್ಬೇಡಿ. ಹಾರ್ಡನ್ ಮಾಡಿ ಗ್ರೈಂಡ್ ಮಾಡಿದ್ದಾರಾ, ಸಮಾನಾಂತರದ ಅಳತೆ ಮಿ.ಮೀ.ನಲ್ಲಿ ಬರೆದಿದ್ದಾರಾ, ವಾಪಸ್ ಕೊಡೋಕೆ ಎಷ್ಟು ದಿನ, ಇವು ಮೂರು ನೋಡಿ. ಪಾರ್ಸೆಲ್ ಬಂದ ದಿನವೇ ಕಾಗದದ ಪರೀಕ್ಷೆ ಮಾಡಿ.

ಸದ್ಯಕ್ಕೆ ದುಡ್ಡಿಲ್ಲ ಅಂದ್ರೆ?

ಇರೋ ವೈಸಲ್ಲೇ ಸ್ವಲ್ಪ ಸುಧಾರಿಸಬಹುದು. ಕದಲೋ ದವಡೆಗೂ ಜಾಬ್‌ಗೂ ನಡುವೆ ಒಂದು ಗುಂಡನೆ ಸರಳು ಅಡ್ಡಲಾಗಿಡಿ. ಒತ್ತಡ ಒಂದೇ ಗೆರೆಯಲ್ಲಿ ಬೀಳುತ್ತೆ, ದವಡೆ ವಾಲಿದ್ರೂ ಜಾಬ್ ಎದುರಿನ ದವಡೆಗೆ ಸಪಾಟಾಗಿ ಕೂರುತ್ತೆ. ಅರೆಬಿಗಿ ಮಾಡಿ, ನೈಲಾನ್ ಸುತ್ತಿಗೆಯಲ್ಲಿ ಮೇಲಿಂದ ತಟ್ಟಿ, ಆಮೇಲೆ ಪೂರ್ತಿ ಬಿಗಿ ಮಾಡಿ. ತೆಳ್ಳಗೆ ಕೊರೀರಿ. ಕನ್ನಡಕ ಹಾಕದೆ ಸ್ವಿಚ್ ಮುಟ್ಬೇಡಿ. ಕಟ್ಟರ್ ತಿರುಗುವಾಗ ಗ್ಲೌಸ್ ಬೇಡ, ಚೂರು ತೆಗೆಯೋಕೆ ಬೆರಳೂ ಬೇಡ.

ಕೊನೆಗೆ ನನ್ನ ಬಿಕಾಂ ಲೆಕ್ಕ. 1,400ರ ವೈಸ್, ಹಾಳಾದ ಅಲ್ಯೂಮಿನಿಯಂ, ಮುರಿದ ಕಟ್ಟರ್, ಎರಡು ಸಲದ ಕೊರಿಯರ್ ಎಲ್ಲಾ ಸೇರಿ ನಮಗೆ ಆಗಿದ್ದು 5,700 ರೂಪಾಯಿ. ಆಮೇಲೆ ತಂದ ಸ್ಕ್ರೂಲೆಸ್ ವೈಸ್ 5,200. ಗೋಡೆ ಹತ್ರ ತಮ್ಮ ನಿಂತಿದ್ದಿದ್ರೆ ಏನಾಗ್ತಿತ್ತು ಅನ್ನೋದನ್ನ ಈ ಲೆಕ್ಕದಲ್ಲಿ ಸೇರಿಸಿಲ್ಲ.

ಆ 9 ಬ್ಲಾಕ್ ಮತ್ತೆ ಮಾಡಿಕೊಟ್ವಿ, ಹೊಸ ಲೋಹ ಹಾಕಿ. ಈ ಸಲ ಒಂದೂ ವಾಪಸ್ ಬರಲಿಲ್ಲ. ಟೆಲಿಸ್ಕೋಪ್ ನಿಂತಿದೆ, ಶನಿಯ ಉಂಗುರ ನೋಡೋಕೆ ನಮ್ಮನ್ನೂ ಕರೆದಿದ್ದಾನೆ.

ನಿಮ್ಮ ಹತ್ರ ಈಗಾಗಲೇ ವೈಸ್ ಇದ್ರೆ ಇವತ್ತೇ ಕಾಗದ ಇಟ್ಟು ಎಳೆದು ನೋಡಿ, ಏನಾಯ್ತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ವೈಸನ್ನ ಟೇಬಲ್ ಮೇಲೆ ಡಯಲ್ ಹಾಕಿ ನೇರ ಕೂರಿಸೋದು ಹೇಗೆ ಅಂತ ಮಾತಾಡೋಣ. ಅಲ್ಲಿವರೆಗೆ, ಬೆರಳು ಜೋಪಾನ. ನಮಸ್ಕಾರ.