ಎಚ್‌ಪಿವಿ: ಭಯ ಬೇಡ, ಮರುತಪಾಸಣೆ ಮರೆಯದಿರಿ

ಸಂಘ-ಸಂಸ್ಥೆಗಳ ವೈದ್ಯಕೀಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಣ್ಣಿನ ತಪಾಸಣೆಗೆ ಮಹಿಳೆಯರು ಉತ್ಸಾಹದಿಂದ ಮುಂದೆ ಬರುತ್ತಾರೆ. ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ತಪಾಸಣೆ ಎಂದೊಡನೆ ಹಿಂದೆ ಸರಿಯುವವರೇ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಶೇ. 2ಕ್ಕಿಂತಲೂ ಕಡಿಮೆ. 2022ರಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಮಹಿಳೆಯರು ಗರ್ಭಕಂಠದ ಕ್ಯಾನ್ಸರ್‌ಗೆ ತುತ್ತಾಗಿದ್ದು, ಸುಮಾರು 80 ಸಾವಿರ ಮಂದಿ ಸಾವನ್ನಪ್ಪಿದ್ದಾರೆ ಎಂದು ಅಂದಾಜಿಸಲಾಗಿದೆ.

ಈ ಕ್ಯಾನ್ಸರ್‌ಗೆ ಬಹುತೇಕ ಎಲ್ಲ ಪ್ರಕರಣಗಳಲ್ಲೂ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅರ್ಥಾತ್ ಎಚ್‌ಪಿವಿ. ಇದನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಝುರ್ ಹೌಸೆನ್ 2008ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.

ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ

ವರದಿಯಲ್ಲಿ 'ಪಾಸಿಟಿವ್' ಎಂದು ಕಂಡಾಗ ಕ್ಯಾನ್ಸರ್ ಬಂದೇಬಿಟ್ಟಿತು ಎಂದು ಕಂಗಾಲಾಗಬೇಕಿಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ದೇಹವೇ ಈ ವೈರಸ್ಸನ್ನು ಹತ್ತಿಕ್ಕುತ್ತದೆ. ಉಳಿದುಕೊಂಡರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲದಿದ್ದರೂ, ಅದರಿಂದ ಕೆಟ್ಟ ಜೀವಕೋಶಗಳನ್ನು ಕ್ಯಾನ್ಸರ್ ಆಗುವ ಮೊದಲೇ ತೆಗೆದುಹಾಕುವ ಸರಳ ಚಿಕಿತ್ಸೆಯಿದೆ.

'ಯಾರಿಂದ ಬಂತು?' ಎಂಬ ಪ್ರಶ್ನೆ ಎಷ್ಟೋ ಮನೆಗಳ ನೆಮ್ಮದಿ ಕೆಡಿಸುತ್ತದೆ. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಅತಿ ಸಾಮಾನ್ಯವಾದುದು. ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಸುಮ್ಮನಿರಬಲ್ಲದು. ಆದ್ದರಿಂದ ಇಂದು ಪತ್ತೆಯಾದ ಮಾತ್ರಕ್ಕೆ ಹೆಂಡತಿಯ ನಡತೆಯನ್ನಾಗಲಿ, ಗಂಡನ ನಿಷ್ಠೆಯನ್ನಾಗಲಿ ಶಂಕಿಸುವುದರಲ್ಲಿ ಅರ್ಥವಿಲ್ಲ.

ಮುಂಬಯಿಯ ಪಾಠ

ತಪಾಸಣೆ ಪ್ರಾಣ ಉಳಿಸುತ್ತದೆ ಎಂಬುದಕ್ಕೆ ಮುಂಬಯಿಯಲ್ಲೇ ಪುರಾವೆಯಿದೆ. ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಿಂದ ನಗರದ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರ ಅಧ್ಯಯನ ನಡೆಸಿತು. ಹತ್ತನೇ ತರಗತಿ ಓದಿದ ಮಹಿಳೆಯರಿಗೆ ತರಬೇತಿ ನೀಡಿ, ವಿನೆಗರ್‌ನಂಥ ದ್ರಾವಣ ಹಚ್ಚಿ ನೋಡುವ ಸರಳ ಪರೀಕ್ಷೆಯನ್ನು ಎರಡು ವರ್ಷಕ್ಕೊಮ್ಮೆ ಮಾಡಿಸಲಾಯಿತು. ತಪಾಸಣೆ ನಡೆದ ಬಡಾವಣೆಗಳಲ್ಲಿ ಗರ್ಭಕಂಠದ ಕ್ಯಾನ್ಸರ್‌ನ ಸಾವು ಶೇ. 31ರಷ್ಟು ಕಡಿಮೆಯಾಯಿತೆಂದು 2013ರಲ್ಲಿ ಪ್ರಕಟಿಸಲಾಯಿತು. ಒಮ್ಮೆ ನೋಡಿ ಕೈಬಿಡದೆ ಮತ್ತೆ ಮತ್ತೆ ಕರೆದದ್ದು ಇಲ್ಲಿ ಗಮನಾರ್ಹ.

ಫೈಲು ಜೋಪಾನ

ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ 30 ವರ್ಷದಿಂದ ಎಚ್‌ಪಿವಿ ಪರೀಕ್ಷೆ ಆರಂಭಿಸಬೇಕು. ನೆಗೆಟಿವ್ ಬಂದರೆ ಮತ್ತೆ 5ರಿಂದ 10 ವರ್ಷಕ್ಕೊಮ್ಮೆ ಸಾಕು. ಪಾಸಿಟಿವ್ ಬಂದು, ಮುಂದಿನ ಪರೀಕ್ಷೆಯಲ್ಲಿ ದೋಷ ಕಾಣದಿದ್ದರೆ ಎರಡು ವರ್ಷದ ಬಳಿಕ, ಚಿಕಿತ್ಸೆ ಪಡೆದವರು ಒಂದು ವರ್ಷದ ಬಳಿಕ ಮರುತಪಾಸಣೆ ಮಾಡಿಸಬೇಕು. ಎಚ್‌ಐವಿ ಇರುವವರಿಗೆ ತಪಾಸಣೆ 25 ವರ್ಷದಿಂದಲೇ, ಹೆಚ್ಚು ಬಾರಿ ಅಗತ್ಯ. ಲಸಿಕೆ ಪಡೆದವರಿಗೂ ತಪಾಸಣೆ ತಪ್ಪದು. ಮುಟ್ಟು ನಿಂತ ಬಳಿಕ ರಕ್ತಸ್ರಾವ ಅಥವಾ ದುರ್ವಾಸನೆಯ ಸ್ರಾವ ಕಂಡರೆ ದಿನಾಂಕಕ್ಕೆ ಕಾಯದೆ ವೈದ್ಯರನ್ನು ಕಾಣಬೇಕು.

ಮನೆ ಬದಲಾವಣೆ, ಊರಿನ ಮದುವೆ-ಪೂಜೆ, ಮಕ್ಕಳ ಪರೀಕ್ಷೆ ಇವುಗಳ ನಡುವೆ ಈ ದಿನಾಂಕ ಮರೆತುಹೋಗುವುದು ಸಹಜ. ಫೈಲು ಕೈಯಲ್ಲಿದ್ದರೆ ಮುಂಬಯಿಯಲ್ಲಿ ಆರಂಭಿಸಿದ ತಪಾಸಣೆಯನ್ನು ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮುಂದುವರಿಸಬಹುದು.

ಸಂಘಗಳ ಮಹಿಳಾ ವಿಭಾಗಗಳು ಶಿಬಿರದ ದಿನದ ಫೋಟೋಗೆ ತೃಪ್ತಿಪಡದೆ, ವರದಿಯನ್ನು ಗುಟ್ಟಾಗಿ ಆಯಾ ಮಹಿಳೆಗೇ ತಲುಪಿಸಿ, ಮರುತಪಾಸಣೆಯ ದಿನ ಫೋನ್ ಮಾಡಿ ನೆನಪಿಸಿದರೆ, ಬೇಕಾದಲ್ಲಿ ಜತೆಗೆ ಆಸ್ಪತ್ರೆಗೆ ಹೋದರೆ, ಅದಕ್ಕಿಂತ ದೊಡ್ಡ ಸಮಾಜಸೇವೆ ಬೇರೆ ಬೇಕಿಲ್ಲ.