ಟಾನಿಕ್ ಕುಡಿಸಿದರೆ ಹಂದಿ ಉಳಿಯುತ್ತದೆಯೇ?

ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶದಲ್ಲಿ ಕಾಣಿಸಿಕೊಂಡು ಭಾರತಕ್ಕೆ ಕಾಲಿಟ್ಟಿತು. ಹಂದಿಗೆ ನಿರೋಧಕ ಶಕ್ತಿ ಸಾಲದೆ ಈ ಜ್ವರ ಬರುತ್ತದೆ, ಟಾನಿಕ್ ಕುಡಿಸಿ ಗಟ್ಟಿ ಮಾಡಿದರೆ ತಪ್ಪಿಸಬಹುದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಬಡ ಸಾಕಣೆದಾರರ ದುಡ್ಡನ್ನು ನೀರುಪಾಲು ಮಾಡುವ ಮಾತಿದು. ಉಗ್ರ ತಳಿಯ ವೈರಸ್ ತಗುಲಿದರೆ ದಷ್ಟಪುಷ್ಟವಾದ ಹಂದಿಯೂ ಸಾಮಾನ್ಯವಾಗಿ ಒಂದೆರಡು ವಾರದಲ್ಲೇ ಸಾಯುತ್ತದೆ.

ಏಕೆಂದರೆ ಈ ವೈರಸ್ ಬೀಡುಬಿಡುವುದೇ ರಕ್ಷಣೆಗೆಂದು ಇರುವ ಕೋಶಗಳಲ್ಲಿ. ಮೈಯೊಳಗೆ ನುಗ್ಗಿದ ಸೂಕ್ಷ್ಮಜೀವಿಗಳನ್ನು ನುಂಗಿ ಅರಗಿಸುವ ಮ್ಯಾಕ್ರೋಫೇಜ್‌ಗಳೇ ಅದಕ್ಕೆ ಮನೆ, ಅಲ್ಲೇ ಅದರ ಸಂತಾನ ಬೆಳೆಯುತ್ತದೆ. ಇದು ಡಿಎನ್‌ಎ ವೈರಸ್; ಕೋಶಕೇಂದ್ರದ ಹೊರಗೆ ಡಿಎನ್‌ಎ ಕಂಡರೆ ಸಿ-ಗ್ಯಾಸ್ ಎಂಬ ಪ್ರೋಟೀನು ಅದನ್ನು ಪತ್ತೆ ಹಚ್ಚಬೇಕು. ಸ್ಟಿಂಗ್ ಎಂಬ ಇನ್ನೊಂದರ ಮೂಲಕ ಸುದ್ದಿ ಮುಂದೆ ಸಾಗಿ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಸಂಕೇತ ಹೊರಡಬೇಕು, ಸುತ್ತಲ ಕೋಶಗಳು ಸಜ್ಜಾಗಬೇಕು. ಈ ವೈರಸ್ಸಿನ ಹಲವು ಪ್ರೋಟೀನುಗಳು ಆ ಸುದ್ದಿಯನ್ನು ದಾರಿಯಲ್ಲೇ ತಡೆಯುತ್ತವೆ. ವೈರಸ್ಸಿನ ಎಂಜಿಎಫ್ ಎಂಬ ಗುಂಪಿನ ಕೆಲವು ಜೀನ್‌ಗಳನ್ನು ಕಿತ್ತುಹಾಕಿದಾಗ ಮ್ಯಾಕ್ರೋಫೇಜ್‌ಗಳಿಂದ ಇಂಟರ್‌ಫೆರಾನ್ ಹೊರಡುತ್ತದೆ, ವೈರಸ್ಸೂ ಸೌಮ್ಯವಾಗುತ್ತದೆ. ಹಂದಿಗೆ ಶಕ್ತಿ ಇರಲಿಲ್ಲವೆಂದಲ್ಲ, ಅದನ್ನು ಬಳಸಲು ವೈರಸ್ ಬಿಟ್ಟಿರಲಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ರೋಗ ಬಲಿತ ಮೇಲೆ ಸೋಂಕಿತ ಮ್ಯಾಕ್ರೋಫೇಜ್‌ಗಳು ಉರಿಯೂತದ ರಾಸಾಯನಿಕಗಳನ್ನು ಮಿತಿಮೀರಿ ಸುರಿಸುತ್ತವೆ. ವೈರಸ್ ಮುಟ್ಟದ ಲಿಂಫೋಸೈಟ್ ಎಂಬ ರಕ್ಷಣಾ ಕೋಶಗಳೂ ಗುಂಪುಗುಂಪಾಗಿ ಸಾಯುತ್ತವೆ, ಒಳಗೆಲ್ಲ ರಕ್ತಸ್ರಾವವಾಗುತ್ತದೆ. ಆ ಹೊತ್ತಿನಲ್ಲಿ ನಿರೋಧಕ ಶಕ್ತಿಯನ್ನು ‘ಹೆಚ್ಚಿಸುತ್ತೇವೆ’ ಎನ್ನುವುದಕ್ಕೆ ಅರ್ಥವೇ ಇಲ್ಲ. ಆಫ್ರಿಕಾದ ಕಾಡಿನಲ್ಲಿರುವ ವಾರ್ಟ್‌ಹಾಗ್ ಎಂಬ ಹಂದಿಗಳು ಇದೇ ವೈರಸ್ಸನ್ನು ಹೊತ್ತೂ ಆರಾಮವಾಗಿರುತ್ತವೆ. ಅವಕ್ಕೆ ಯಾರೂ ಟಾನಿಕ್ ಕುಡಿಸಿಲ್ಲ. ಉಣ್ಣೆಗಳ ಮೂಲಕ ಹರಡುವ ಈ ವೈರಸ್ಸಿನೊಡನೆ ಅವು ಬಹುಕಾಲದಿಂದ ಬಾಳಿಕೊಂಡು ಬಂದಿವೆ.

ಇದು ಮನುಷ್ಯರಿಗೂ ಅಂಟುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಹಂದಿಜ್ವರ ಎಂದು ನಾವು ಕರೆಯುವ ಎಚ್1ಎನ್1 ಬೇರೆಯೇ ವೈರಸ್. ಕ್ಲಾಸಿಕಲ್ ಹಂದಿ ಜ್ವರದ ಲಸಿಕೆ ಹಾಕಿಸಿದ್ದೇವೆ, ಸಾಕು ಎನ್ನುವವರೂ ಇದ್ದಾರೆ. ಅದು ಆರ್‌ಎನ್‌ಎ ವೈರಸ್, ಇದು ಡಿಎನ್‌ಎ ವೈರಸ್. ಅದರ ಲಸಿಕೆ ಇದನ್ನು ತಡೆಯದು.

ಟಾನಿಕ್ಕಿಗೆ ಹಾಕುವ ದುಡ್ಡು ಸೌದೆಗೆ ಹೋಗಲಿ. ವೈರಸ್ ಹೋಟೆಲಿನ ಮುಸುರೆಯಲ್ಲೂ ಬರಬಹುದಾದ್ದರಿಂದ ಅದನ್ನು ಹಂದಿಗೆ ಹಾಕದಿರುವುದೇ ಲೇಸು. ಹಾಕಲೇಬೇಕೆಂದರೆ 90 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಾಗದಂತೆ ಒಂದು ಗಂಟೆ ಕೈಯಾಡಿಸುತ್ತ ಕಾಯಿಸಬೇಕು.